ಆಚೆ ದಡದಿಂದ ಕಂಡ ನ್ಯೂಯಾರ್ಕ್

ದೊಡ್ಡ ಆಕಾಶ. ಅದರ ಕೆಳಗೆ ಅಗಲವಾಗಿ ಹರಡಿಕೊಂಡ ಹಡ್ಸನ್ ನದಿ, ನೀರಿನ ಮೇಲೆ ಅಲ್ಲಲ್ಲಿ ಬಿಳಿಯ ಹಾಯಿಗಳು. ನೋಡುವವರ ಕಾಲಬುಡದಲ್ಲಿ ಬಂಡೆ, ಪೊದೆ, ಮರ. ಊರೆಲ್ಲಿದೆ ಎಂದು ಹುಡುಕಿದರೆ ನೀರಿನಾಚೆ, ಬಾನು ನೆಲ ಕೂಡುವಲ್ಲಿ, ಒಂದು ತೆಳುವಾದ ಪಟ್ಟಿಯಾಗಿ ಕಾಣುತ್ತದೆ. ಅದರಿಂದ ಮೇಲೆದ್ದು ನಿಂತ ಚರ್ಚುಗಳ ಮೊನೆಗೋಪುರಗಳು. ಅಷ್ಟೇ ನ್ಯೂಯಾರ್ಕ್. ವಿಲಿಯಂ ಗೈ ವಾಲ್ ಎಂಬ ಚಿತ್ರಕಾರ 1820ರಿಂದ 1823ರ ನಡುವೆ ಬರೆದ ಈ ಜಲವರ್ಣದ ಹೆಸರು ‘ವೀಹಾಕ್‌ನಿಂದ ನ್ಯೂಯಾರ್ಕ್’. ಇದರ ಜೊತೆಗಾತಿ ಇನ್ನೊಂದಿದೆ: ‘ಬ್ರೂಕ್ಲಿನ್ ಬಳಿಯ ದಿಬ್ಬದಿಂದ ನ್ಯೂಯಾರ್ಕ್’. ಒಂದು ನಗರದ ಪಶ್ಚಿಮಕ್ಕಿರುವ ದಡದಿಂದ, ಇನ್ನೊಂದು ಪೂರ್ವಕ್ಕಿರುವ ದಡದಿಂದ. ಎರಡೂ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ.

ನಾನಿರುವುದು ಟೆಕ್ಸಸ್‌ನ ಅಲೆನ್‌ನಲ್ಲಿ. ಡಾಲಸ್‌ನ ಉತ್ತರಕ್ಕಿರುವ ಈ ಊರಿಗೂ ಸಮುದ್ರಕ್ಕೂ ಸುಮಾರು 300 ಮೈಲಿ ದೂರ. ಇಲ್ಲಿ ಕೂತು ಇನ್ನೂರು ವರ್ಷ ಹಿಂದಿನ ಒಂದು ಬಂದರಿನ ಚಿತ್ರದ ಬಗ್ಗೆ ಬರೆಯಲು ಕಾರಣವಿದೆ. ಬೆಳೆಯುತ್ತಿರುವ ಊರಿನಲ್ಲಿ ಬದುಕುವವರು ಆ ಊರನ್ನು ಹೇಗೆ ನೋಡಬೇಕು, ಎಲ್ಲಿ ನಿಂತು ನೋಡಬೇಕು ಎಂಬುದನ್ನು ವಾಲ್‌ನಷ್ಟು ಸ್ಪಷ್ಟವಾಗಿ ನನಗೆ ಯಾರೂ ತೋರಿಸಿಕೊಟ್ಟಿಲ್ಲ.

ವಾಲ್ ಐರ್ಲೆಂಡಿನ ಡಬ್ಲಿನ್‌ನವನು, ಹುಟ್ಟಿದ್ದು 1792ರಲ್ಲಿ. ನ್ಯೂಯಾರ್ಕಿಗೆ ವಲಸೆ ಬಂದದ್ದು 1818ರಲ್ಲಿ. ಅವನು ಬಂದಿಳಿದ ಹೊತ್ತು ಎಂಥದ್ದು ಎಂಬುದನ್ನು ಗಮನಿಸಬೇಕು. ಅದೇ ವರ್ಷದ ಜನವರಿಯಲ್ಲಿ ಬ್ಲ್ಯಾಕ್ ಬಾಲ್ ಲೈನ್ ಎಂಬ ಹಡಗು ಕಂಪನಿ ನ್ಯೂಯಾರ್ಕ್‌ನಿಂದ ಲಿವರ್‌ಪೂಲ್‌ಗೆ ಗೊತ್ತುಪಡಿಸಿದ ದಿನದಂದೇ ಹಡಗು ಬಿಡಲು ಶುರುಮಾಡಿತ್ತು. ಅದಕ್ಕೂ ಮೊದಲು ಹಡಗು ಹೊರಡುತ್ತಿದ್ದದ್ದು ಸರಕು ತುಂಬಿದ ಮೇಲೆ, ಗಾಳಿ ಕೂಡಿಬಂದ ಮೇಲೆ. ಈಗ ಸರಕು ತುಂಬಲಿ ಬಿಡಲಿ, ಹೇಳಿದ ದಿನಕ್ಕೆ ಲಂಗರು ಎತ್ತಲೇಬೇಕು. ವ್ಯಾಪಾರಿಗಳಿಗೆ ಇದಕ್ಕಿಂತ ದೊಡ್ಡ ವರ ಇನ್ನೇನು ಬೇಕು? ಇತ್ತ ಒಳನಾಡಿನಲ್ಲಿ, 1817ರಲ್ಲೇ ಈರಿ ಕಾಲುವೆಯ ಅಗೆತ ಆರಂಭವಾಗಿತ್ತು. 1825ರಲ್ಲಿ ಅದು ಮುಗಿದಾಗ ಮಹಾಸರೋವರಗಳ ಸೀಮೆಯ ಧಾನ್ಯ, ಮರಮಟ್ಟು ಎಲ್ಲವೂ ಹಡ್ಸನ್ ನದಿಗಿಳಿದು ಇದೇ ಬಂದರಿಗೆ ಬಂದವು. ಗವರ್ನರ್ ಡಿವಿಟ್ ಕ್ಲಿಂಟನ್ ಆ ವರ್ಷದ ನವೆಂಬರಿನಲ್ಲಿ ಈರಿ ಸರೋವರದ ನೀರನ್ನು ಪೀಪಾಯಿಯಲ್ಲಿ ತಂದು ನ್ಯೂಯಾರ್ಕಿನ ಕಡಲಿಗೆ ಸುರಿದ. 1800ರಲ್ಲಿ 60,515 ಜನರಿದ್ದ ನಗರ 1820ಕ್ಕೆ 1,23,706 ಆಯಿತು, 1830ಕ್ಕೆ ಎರಡು ಲಕ್ಷ ದಾಟಿತು.

ವಾಲ್ ಕುಂಚ ಹಿಡಿದು ನಿಂತದ್ದು ಈ ಏರಿಕೆಯ ನಟ್ಟನಡುವೆ. 1811ರಲ್ಲೇ ರಾಜ್ಯ ಸರ್ಕಾರ ನೇಮಿಸಿದ ಕಮಿಷನರ್‌ಗಳು ಮ್ಯಾನ್‌ಹ್ಯಾಟನ್ ದ್ವೀಪದ ಬಹುಭಾಗಕ್ಕೆ ಚೌಕಟ್ಟಾದ ಬೀದಿಗಳ ನಕ್ಷೆ ಹಾಕಿ ಮುಗಿಸಿದ್ದರು. ಕಾಗದದ ಮೇಲೆ ದ್ವೀಪದ ಬಹುಪಾಲು ಆಗಲೇ ನಗರವಾಗಿತ್ತು. ನೆಲದ ಮೇಲೆ ಇನ್ನೂ ಹೊಲ, ಗುಡ್ಡ, ಹಳ್ಳ. ನಕ್ಷೆ ಬರೆದವರು ಮುಂದಾಗುವುದನ್ನು ಬರೆದರು, ವಾಲ್ ಆ ಗಳಿಗೆಯಲ್ಲಿ ಇದ್ದದ್ದನ್ನು ಬರೆದ. ನಗರಕ್ಕೆ ಅವನು ಕೊಟ್ಟದ್ದು ಒಂದು ಸಣ್ಣ ಪಟ್ಟಿ ಜಾಗ. ಉಳಿದದ್ದನ್ನೆಲ್ಲ ನೀರಿಗೆ, ಬಾನಿಗೆ, ಈಚೆ ದಡದ ಮಣ್ಣಿಗೆ ಕೊಟ್ಟ. ಹಾಗೆ ಮಾಡಿದ್ದರಿಂದಲೇ ಆ ನಗರ ಎಷ್ಟು ಎಳೆಯದು, ಅದರ ಸುತ್ತಲಿನ ಜಗತ್ತು ಎಷ್ಟು ದೊಡ್ಡದು ಎಂಬುದು ಇವತ್ತು ನಮಗೆ ಕಾಣುತ್ತದೆ. ಬೀದಿಯೊಳಗೆ ನಿಂತು ಬರೆದಿದ್ದರೆ ಇದು ಸಿಗುತ್ತಿರಲಿಲ್ಲ.

ವೀಹಾಕ್ ಎಂದರೆ ಇಂದಿನ ನ್ಯೂಜೆರ್ಸಿಯ ವೀಹಾಕನ್. 1804ರ ಜುಲೈ 11ರಂದು ಅಮೆರಿಕದ ಉಪಾಧ್ಯಕ್ಷ ಏರನ್ ಬರ್ ಮತ್ತು ಅವನ ರಾಜಕೀಯ ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪಿಸ್ತೂಲು ಹಿಡಿದು ಎದುರುಬದುರಾದದ್ದು ಅಲ್ಲೇ, ಹ್ಯಾಮಿಲ್ಟನ್ ಮಾರನೆಯ ದಿನ ತೀರಿಕೊಂಡ. ನಗರದ ಕಾನೂನಿಗೆ ಸಿಗದಷ್ಟು ಆಚೆಗಿದ್ದ, ಆದರೆ ದೋಣಿಯಲ್ಲಿ ಬೇಗ ಮುಟ್ಟಬಹುದಾಗಿದ್ದ ದಡ ಅದು. ಅಂಥ ದಡದಿಂದ ನಗರ ಚೆನ್ನಾಗಿ ಕಾಣುತ್ತದೆ.

ಜಲವರ್ಣದ ಕಸುಬಿನ ಬಗ್ಗೆ ಎರಡು ಮಾತು. ತೈಲವರ್ಣದಲ್ಲಿ ಬೆಳಕು ಬೇಕಾದಲ್ಲಿ ಬಿಳಿ ಬಣ್ಣ ಬಳಿಯಬಹುದು. ಶುದ್ಧ ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಹಾಯಿ ಬೆಳ್ಳಗೆ ಕಾಣಬೇಕಾದರೆ ಅಷ್ಟು ಜಾಗವನ್ನು ಮುಟ್ಟದೆ ಬಿಡಬೇಕು, ಮತ್ತು ಎಲ್ಲಿ ಮುಟ್ಟಬಾರದು ಎಂಬುದು ಬಣ್ಣದ ಮೊದಲ ಲೇಪಕ್ಕಿಂತ ಮುಂಚೆಯೇ ಗೊತ್ತಿರಬೇಕು. ತಿಳಿಯಾದ ಬಣ್ಣವನ್ನು ಪದರ ಪದರವಾಗಿ ಹಾಸುತ್ತ ದೂರವನ್ನು ಕಟ್ಟಬೇಕು. ಮಂಜು, ಹೊಗೆ, ನೀರಿನ ಮೇಲಿನ ಬಿಸಿಲು ಇವುಗಳಿಗೆ ಇದಕ್ಕಿಂತ ಒಗ್ಗುವ ಮಾಧ್ಯಮವಿಲ್ಲ. ಅದಕ್ಕೇ ಬಂದರುಗಳ ಅತ್ಯುತ್ತಮ ಚಿತ್ರಗಳು ಬಹಳಷ್ಟು ಜಲವರ್ಣದಲ್ಲಿವೆ ಎಂದು ನನ್ನ ನಂಬಿಕೆ. ಸಲಕರಣೆಯೂ ಹಗುರ. 1780ರ ದಶಕದಲ್ಲಿ ಲಂಡನ್ನಿನ ರೀವ್ಸ್ ಸಹೋದರರು ಬಣ್ಣವನ್ನು ಸಣ್ಣ ಬಿಲ್ಲೆಗಳಾಗಿ ಮಾಡಿ ಮಾರಲು ತೊಡಗಿದ ಮೇಲೆ ಪೆಟ್ಟಿಗೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬೆಟ್ಟ ಹತ್ತುವುದು ಸಾಧ್ಯವಾಯಿತು.

ಚಿತ್ರ ಜನರ ಕೈಗೆ ಸಿಕ್ಕಿದ್ದು ಅಚ್ಚಿನಿಂದ. ಜಾನ್ ಹಿಲ್ ಎಂಬ ಲಂಡನ್ನಿನ ಕೆತ್ತನೆಗಾರ 1816ರಲ್ಲಿ ಅಮೆರಿಕಕ್ಕೆ ಬಂದಿದ್ದ. ಆಕ್ವಾಟಿಂಟ್ ಅವನ ವಿದ್ಯೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆ್ಯಸಿಡ್‌ನಲ್ಲಿ ಅದ್ದುತ್ತಾರೆ. ಪುಡಿಯ ಕಣಗಳ ಸಂದಿಯಲ್ಲಷ್ಟೇ ತಗಡು ಸವೆಯುತ್ತದೆ. ಅದ್ದಿದಷ್ಟು ಹೊತ್ತಿಗೆ ತಕ್ಕಂತೆ ತಿಳಿಯಿಂದ ಕಪ್ಪಿನವರೆಗೆ ಛಾಯೆಗಳು ಸಿಗುತ್ತವೆ. ಅಚ್ಚಾದ ಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ. ವಾಲ್‌ನ ಈ ಎರಡು ನ್ಯೂಯಾರ್ಕ್ ನೋಟಗಳನ್ನು ಹಿಲ್ 1823ರಲ್ಲಿ ಹೀಗೆ ಅಚ್ಚಿಗಿಳಿಸಿದ. ಅವರಿಬ್ಬರ ಹೆಸರು ಉಳಿದಿರುವುದು ಮುಖ್ಯವಾಗಿ ‘ಹಡ್ಸನ್ ರಿವರ್ ಪೋರ್ಟ್‌ಫೋಲಿಯೊ’ ಎಂಬ ಮಾಲೆಯಿಂದ: 1820ರ ದಶಕದ ಮೊದಲರ್ಧದಲ್ಲಿ ಬಂದ ಅದರಲ್ಲಿ 24 ಚಿತ್ರಗಳ ಯೋಜನೆಯಿತ್ತು, ಹೊರಬಂದದ್ದು 20. ಹಡ್ಸನ್ ನದಿಯ ಮೇಲ್ದಂಡೆಯಿಂದ ಹರಿವಿನ ಗುಂಟ ಇಳಿದು ಅದು ಮುಗಿಯುವುದು ಗವರ್ನರ್ಸ್ ದ್ವೀಪದಿಂದ ಕಾಣುವ ನ್ಯೂಯಾರ್ಕಿನಲ್ಲಿ.

ಇದೇ ಬಣ್ಣ, ಇದೇ ಅಚ್ಚಿನ ವಿದ್ಯೆ ಅದಕ್ಕೂ ಮೊದಲೇ ನಮ್ಮ ನಾಡನ್ನೂ ಹಿಡಿದಿಟ್ಟಿತ್ತು. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಪಡೆ ಬೆಂಗಳೂರಿನ ಕೋಟೆಯನ್ನು ವಶಪಡಿಸಿಕೊಂಡಿತು. ಆ ದಂಡಿನ ಜೊತೆಗಿದ್ದ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಪುಸ್ತಕವಾದವು. ಫಿರಂಗಿದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದ ಬೆಂಗಳೂರು, ಶ್ರೀರಂಗಪಟ್ಟಣಗಳ ಚಿತ್ರಗಳು, ಅವನು 1792ರಲ್ಲಿ ತೀರಿಕೊಂಡ ಹನ್ನೆರಡು ವರ್ಷದ ಮೇಲೆ, ಬಣ್ಣ ಹಚ್ಚಿದ ಆಕ್ವಾಟಿಂಟ್‌ಗಳಾಗಿ ಲಂಡನ್ನಿನಲ್ಲಿ ಹೊರಬಂದವು. ಹಳೆಯ ಬೆಂಗಳೂರಿನ ಕೋಟೆಬಾಗಿಲು, ಟಿಪ್ಪುವಿನ ಅರಮನೆ ಹೇಗಿದ್ದವು ಎಂದು ತಿಳಿಯಲು ನಾವು ಇಂದಿಗೂ ಅವನ ಚಿತ್ರಗಳಿಗೇ ಹೋಗುತ್ತೇವೆ. ಚಂದದ ಕೆಲಸ, ಅದನ್ನು ಒಪ್ಪುತ್ತೇನೆ. ಆದರೆ ಅದು ಗೆದ್ದವರ ಕಣ್ಣು. ಹಂಟರ್ ಬರೆದದ್ದು ಆಗತಾನೆ ತನ್ನ ಪಡೆಯ ಕೈಸೇರಿದ ಕೋಟೆಯನ್ನು, ಆ ಚಿತ್ರಗಳನ್ನು ಕೊಂಡವರು ಲಂಡನ್ನಿನ ಓದುಗರು. ವಾಲ್ ಬರೆದದ್ದು ಬದುಕು ಅರಸಿ ತಾನೇ ಬಂದು ಸೇರಿದ ಊರನ್ನು, ಅಲ್ಲಿಯ ಜನರೇ ಕೊಂಡು ಗೋಡೆಗೆ ಹಾಕಿಕೊಳ್ಳಲೆಂದು. ತಾನಿರುವ ಊರಿನ ಚಿತ್ರವನ್ನು ದುಡ್ಡು ಕೊಟ್ಟು ಕೊಳ್ಳುವ ಜನ ಇರುವುದೇ ಆ ಊರಿಗೆ ಒಂದು ಬಲ.

ಹಾಗೆಂದು ವಾಲ್‌ನ ಚಿತ್ರವನ್ನು ಪೂಜೆ ಮಾಡಬೇಕಾಗಿಲ್ಲ. ದೂರದಿಂದ ನೋಡಿದರೆ ಊರು ಶಾಂತವಾಗಿ ಕಾಣುತ್ತದೆ. 1822ರ ಬೇಸಿಗೆಯಲ್ಲಿ ಆ ಶಾಂತವಾದ ಪಟ್ಟಿಯೊಳಗೆ ಹಳದಿ ಜ್ವರ ಹಬ್ಬಿ, ಕೈಲಾದವರೆಲ್ಲ ಅಂಗಡಿ ಮುಂಗಟ್ಟು ಎತ್ತಿಕೊಂಡು ಗ್ರೀನಿಚ್ ಹಳ್ಳಿಯ ಕಡೆ ಓಡಿದ್ದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾದದ್ದು 1827ರ ಜುಲೈ 4ರಂದು; ಚಿತ್ರ ಬರೆಯುವಾಗ ಅದು ಇನ್ನೂ ಇತ್ತು. ಆ ಬಂದರಿನ ವ್ಯಾಪಾರಕ್ಕೆ ಆಧಾರವಾಗಿದ್ದ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು. ನ್ಯೂಯಾರ್ಕಿನ ವರ್ತಕರು ಅದಕ್ಕೆ ಸಾಲ ಕೊಟ್ಟು, ವಿಮೆ ಮಾಡಿ, ಲಿವರ್‌ಪೂಲ್‌ಗೆ ಸಾಗಿಸಿ ಗಂಟು ಕಟ್ಟಿದರು. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರ ಮುಖ ವೀಹಾಕ್‌ನಿಂದ ಕಾಣುವುದಿಲ್ಲ.

ಆ ಮುಖಗಳನ್ನು ನೋಡಬೇಕೆಂದರೆ ಇನ್ನೊಬ್ಬರ ಹತ್ತಿರ ಹೋಗಬೇಕು. ಬ್ಯಾರನೆಸ್ ಹೈಡ್ ದ ನೂವಿಲ್ ಎಂಬಾಕೆ ನೆಪೋಲಿಯನ್ನನ ಕಾಲದಲ್ಲಿ ಫ್ರಾನ್ಸ್ ಬಿಡಬೇಕಾಗಿ ಬಂದು 1807ರಲ್ಲಿ ಗಂಡನ ಜೊತೆ ನ್ಯೂಯಾರ್ಕಿಗೆ ಬಂದವಳು. ಕಲಿತ ಕಲಾವಿದೆಯಲ್ಲ. ಬೀದಿಯ ಮೂಲೆ, ಅಂಗಡಿ, ಅಡುಗೆಯವರು, ಕರಿಯ ಜನ, ಮೂಲನಿವಾಸಿಗಳು ಹೀಗೆ ಕಣ್ಣಿಗೆ ಬಿದ್ದವರನ್ನೆಲ್ಲ ಜಲವರ್ಣದಲ್ಲಿ ಬರೆದಳು. ಅವಳ ಚಿತ್ರಗಳ ದೊಡ್ಡ ಸಂಗ್ರಹ ‘ನ್ಯೂಯಾರ್ಕ್ ಹಿಸ್ಟಾರಿಕಲ್’ ಸಂಸ್ಥೆಯಲ್ಲಿದೆ; 2019ರಲ್ಲಿ ಅಲ್ಲೇ ಅವಳ ಕೆಲಸದ ದೊಡ್ಡ ಪ್ರದರ್ಶನವೂ ನಡೆಯಿತು. ವಾಲ್‌ನ ದೂರವನ್ನೂ ಇವಳ ಹತ್ತಿರವನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ಆ ಕಾಲದ ನ್ಯೂಯಾರ್ಕ್ ಪೂರ್ತಿಯಾಗುತ್ತದೆ.

ಇನ್ನು ನಮ್ಮ ಟೆಕ್ಸಸ್‌ಗೆ ಬರೋಣ. 1836ರ ಆಗಸ್ಟ್ 30ರಂದು ಅಗಸ್ಟಸ್ ಮತ್ತು ಜಾನ್ ಅಲೆನ್ ಎಂಬ ಅಣ್ಣತಮ್ಮಂದಿರು ಪತ್ರಿಕೆಯಲ್ಲಿ ಹ್ಯೂಸ್ಟನ್ ಎಂಬ ಊರಿನ ಸೈಟುಗಳ ಜಾಹೀರಾತು ಹಾಕಿದರು. ಊರು ಇನ್ನೂ ಇರಲಿಲ್ಲ. ಕಡಲ ಗಾಳಿ, ಒಳ್ಳೆಯ ಆರೋಗ್ಯ, ದೊಡ್ಡ ವ್ಯಾಪಾರ ಎಲ್ಲವನ್ನೂ ಜಾಹೀರಾತು ವಾಗ್ದಾನ ಮಾಡಿತ್ತು. ಮರುವರ್ಷದ ಜನವರಿಯಲ್ಲಿ ಲಾರಾ ಎಂಬ ಹಬೆದೋಣಿ ಬಫಲೋ ಬೇಯೂ ಎಂಬ ಹೊಳೆಯಲ್ಲಿ, ಅಡ್ಡಬಿದ್ದ ಮರಗಳನ್ನು ಬಿಡಿಸಿಕೊಳ್ಳುತ್ತ, ಕೆಲವೇ ಮೈಲಿ ಸಾಗಲು ದಿನಗಟ್ಟಲೆ ಹೆಣಗಿ ಅಲ್ಲಿಗೆ ಮುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಗ್ಯಾಲ್ವೆಸ್ಟನ್ ಕಡೆಯಿಂದ ಅಲ್ಲಿಗೆ ಬಂದವರು ಜಾನ್ ಜೇಮ್ಸ್ ಆಡುಬಾನ್: ಅಮೆರಿಕದ ಹಕ್ಕಿಗಳನ್ನು ಜಲವರ್ಣದಲ್ಲಿ ಬರೆದು ಅಚ್ಚು ಹಾಕಿಸಿದ ಮಹಾ ಚಿತ್ರಕಾರ. ಟೆಕ್ಸಸ್ ಗಣರಾಜ್ಯದ ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್‌ರನ್ನು ಮರದ ದಿಮ್ಮಿಯ ಮನೆಯಲ್ಲಿ ಕಂಡರು. ನೆರೆ ನೀರು, ಸೂರಿಲ್ಲದ ಕಟ್ಟಡಗಳು, ಕುಡಿದು ಕೂಗಾಡುವ ಜನ, ಇವನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಹಕ್ಕಿ ಅರಸಿ ಬಂದಿದ್ದ ಅವರು ಆ ಊರಿನ ಬಗ್ಗೆ ನಮಗೆ ಬಿಟ್ಟುಹೋದದ್ದು ಮಾತಿನ ಚಿತ್ರ. ಅದೇ ವರ್ಷದ ಡಿಸೆಂಬರಿನಲ್ಲಿ ಮೇರಿ ಆಸ್ಟಿನ್ ಹಾಲಿ ಎಂಬ ಬರಹಗಾರ್ತಿ ಹ್ಯೂಸ್ಟನ್ನಿನ ಶಾಸನಸಭೆಯ ಕಟ್ಟಡವನ್ನು ಪೆನ್ಸಿಲ್‌ನಲ್ಲಿ ಗೀಚಿಕೊಂಡಳು. 1852ರ ಹೊತ್ತಿಗೆ ಥಾಮಸ್ ಫ್ಲಿಂಟಾಫ್ ಎಂಬ ಅಲೆಮಾರಿ ಇಂಗ್ಲಿಷ್ ಕಲಾವಿದ ಅಲ್ಲಿನ ಚರ್ಚುಗಳನ್ನು ಜಲವರ್ಣದಲ್ಲಿ ಹಿಡಿದ. ಇಂದು ದೇಶದ ನಾಲ್ಕನೆಯ ದೊಡ್ಡ ನಗರವಾಗಿರುವ ಹ್ಯೂಸ್ಟನ್ನಿನ ಎಳೆವಯಸ್ಸನ್ನು ನೋಡಲು ಇಂಥ ಬೆರಳೆಣಿಕೆಯ ಹಾಳೆಗಳೇ ಗತಿ.

ಹ್ಯೂಸ್ಟನ್ನಿಗೂ ನಾನಿರುವ ಅಲೆನ್‌ಗೂ ನೇರ ನಂಟಿದೆ. ನಮ್ಮ ಊರಿನ ಹೆಸರು ಆ ಅಣ್ಣತಮ್ಮಂದಿರದ್ದಲ್ಲ. ಎಬೆನೀಜರ್ ಅಲೆನ್ ಎಂಬ, ಟೆಕ್ಸಸ್ ಗಣರಾಜ್ಯದ ಅಟಾರ್ನಿ ಜನರಲ್ ಆಗಿದ್ದ ವಕೀಲರದ್ದು. ಗ್ಯಾಲ್ವೆಸ್ಟನ್ ಕಡಲಿನಿಂದ ಉತ್ತರದ ರೆಡ್ ನದಿಯವರೆಗೆ ರೈಲು ಹಾಕುವ ಪರವಾನಗಿಯನ್ನು 1848ರಲ್ಲಿ ಪಡೆದವರು ಅವರು. ಆ ಕಂಪನಿಯೇ ಮುಂದೆ ಹ್ಯೂಸ್ಟನ್ ಅಂಡ್ ಟೆಕ್ಸಸ್ ಸೆಂಟ್ರಲ್ ಆಯಿತು, 1872ರಲ್ಲಿ ಡಾಲಸ್ ಮುಟ್ಟಿತು, ಅಲ್ಲಿಂದ ಉತ್ತರಕ್ಕೆ ಹೊರಟ ಹಳಿಯ ಮೇಲೆ ಒಂದು ನಿಲ್ದಾಣವಾಗಿ ಅಲೆನ್ ಹುಟ್ಟಿತು. ಹಬೆಯ ಎಂಜಿನ್ನುಗಳಿಗೆ ನೀರು ನಿಲ್ಲಿಸಲು ರೈಲಿನವರು ಇಲ್ಲಿನ ಹಳ್ಳಕ್ಕೆ ಕಟ್ಟಿದ ಕಲ್ಲಿನ ಒಡ್ಡು ಈಗಲೂ ಊರೊಳಗಿದೆ. ಡಾಲಸ್‌ಗೆ ರೈಲು ಬಂದ ಅದೇ 1872ರಲ್ಲಿ ಹರ್ಮನ್ ಬ್ರೋಸಿಯಸ್ ಎಂಬ ಕಲಾವಿದ ಆ ಊರನ್ನು ಆಕಾಶದಿಂದ ಹಕ್ಕಿ ನೋಡಿದಂತೆ ಬರೆದ. ಮರುವರ್ಷ ಅಗಸ್ಟಸ್ ಕೋಕ್ ಎಂಬುವನು ಹ್ಯೂಸ್ಟನ್ ಮತ್ತು ಆಸ್ಟಿನ್ನಿನ ಅಂಥದೇ ನೋಟ ಬರೆದ. ವಾಲ್ ಮಾಡಿದ ಕೆಲಸವನ್ನು ಟೆಕ್ಸಸ್‌ನಲ್ಲಿ ಮಾಡಿದವರು ಇವರು, ಅರ್ಧ ಶತಮಾನ ತಡವಾಗಿ. ಅವರು ಬಣ್ಣದ ಬೆಳಕಿಗಿಂತ ಪ್ರತಿ ಮನೆಯ ಮಾಡನ್ನು ಎಣಿಸಿ ತೋರಿಸುವುದಕ್ಕೆ ಹೆಚ್ಚು ಗಮನ ಕೊಟ್ಟರು.

ಆ ಹಳಿಯ ಮೇಲೆ ಬಂದರಿಗೆ ಹೋದದ್ದು ಮುಖ್ಯವಾಗಿ ಹತ್ತಿ. ಈ ಸೀಮೆಯ ನೆಲ ಕಪ್ಪು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಬೂಟಿಗೆ ಮೆತ್ತಿ ಬಿಡುವುದಿಲ್ಲ. ಧಾರವಾಡ, ಗದಗಿನವರು ಇಲ್ಲಿ ಮನೆ ಕೊಂಡು ಹಿತ್ತಲು ಅಗೆದ ಮೊದಲ ದಿನವೇ ಇದನ್ನು ಗುರುತು ಹಿಡಿಯುತ್ತಾರೆ: ಇದು ನಮ್ಮ ಎರೆಮಣ್ಣು. ಮಣ್ಣಿನ ವಿಜ್ಞಾನಿಗಳೂ ಎರಡನ್ನೂ ವರ್ಟಿಸಾಲ್ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ. 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜ ಧಾರವಾಡದ ಎರೆಹೊಲಗಳಿಗೆ ಹೋಗಿ ‘ಧಾರವಾಡ-ಅಮೆರಿಕನ್’ ಎಂಬ ತಳಿಯಾಗಿ ನಿಂತಿತು. ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರು ಸೇರಿದ ಹತ್ತಿ, ಇಲ್ಲಿ ಅಂತರ್ಯುದ್ಧ ನಡೆದು ಅಮೆರಿಕದ ಹತ್ತಿ ನಿಂತುಹೋದ 1860ರ ದಶಕದಲ್ಲಿ, ಬಂಗಾರದ ಬೆಲೆ ಕಂಡಿತು. ಆ ಗಡಿಬಿಡಿಯ ದಿನಗಳ ಕುಮಟೆಯ ಬಂದರು, ಹಾಯಿಗಳು, ಹತ್ತಿಯ ಅಂಡಿಗೆಗಳು ಬಣ್ಣದಲ್ಲಿ ನಮ್ಮ ಯಾವ ಶಾಲೆಯ ಗೋಡೆಯ ಮೇಲೂ ತೂಗುತ್ತಿಲ್ಲ. ನ್ಯೂಯಾರ್ಕಿನ ಮಕ್ಕಳಿಗೆ ವಾಲ್ ಇದ್ದಾನೆ.

ನಮಗೆ ರುಮಾಲೆ ಚೆನ್ನಬಸವಯ್ಯನವರು ಇದ್ದಾರೆ ಎಂಬುದೇ ಸಮಾಧಾನ. 1910ರಲ್ಲಿ ಹುಟ್ಟಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, ‘ತಾಯಿನಾಡು’ ಪತ್ರಿಕೆ ನಡೆಸಿದ ಅವರು ಬೆಂಗಳೂರಿನ ಗುಲ್‌ಮೊಹರ್, ಜಕರಂಡಾಗಳ ಕೆಳಗೆ ಕೂತು ಜಲವರ್ಣದಲ್ಲೂ ತೈಲದಲ್ಲೂ ಊರಿನ ರಸ್ತೆಗಳನ್ನು ಬರೆದರು. ಅವರು 1988ರಲ್ಲಿ ತೀರಿಕೊಂಡರು. ಆ ಮರಗಳಲ್ಲಿ ಎಷ್ಟೋ ಈಗ ಇಲ್ಲ, ರಸ್ತೆಗಳ ಗುರುತೂ ಸಿಗುವುದಿಲ್ಲ. ಬೆಂಗಳೂರು ಬೆಳೆಯುತ್ತಿದ್ದ ಹೊತ್ತಿನಲ್ಲಿ ಅದನ್ನು ಪ್ರೀತಿಯಿಂದ, ತನ್ನದೆಂದು ನೋಡಿದ ಕಣ್ಣು ಅದು. ಹಂಟರನ ಪುಸ್ತಕಕ್ಕಿಂತ ರುಮಾಲೆಯವರ ಒಂದು ಹಾಳೆ ನನಗೆ ದೊಡ್ಡದು.

ಅಲೆನ್‌ನಲ್ಲಿ 2000ದ ಜನಗಣತಿಯಲ್ಲಿ 43,554 ಜನರಿದ್ದರು. 2020ರಲ್ಲಿ 1,04,627. ವಾಲ್ ಕಂಡ ನ್ಯೂಯಾರ್ಕ್ ಎರಡು ಪಟ್ಟಾಗಲು ತೆಗೆದುಕೊಂಡದ್ದು ಇಪ್ಪತ್ತು ವರ್ಷ, ಅಷ್ಟೇ ವರ್ಷದಲ್ಲಿ ನಮ್ಮ ಊರು ಎರಡು ಪಟ್ಟನ್ನೂ ಮೀರಿತು. ಹೀಗೆ ಬಂದು ಸೇರಿದವರಲ್ಲಿ ನಾವು ಕನ್ನಡಿಗರೂ ಇದ್ದೇವೆ. ಹೈವೇ 75ರ ಎರಡೂ ಬದಿ ತುಂಬಿ, ಈಗ ಮನೆಗಳ ಸಾಲು ಪೂರ್ವಕ್ಕೂ ಉತ್ತರಕ್ಕೂ ಹೊಲಗಳನ್ನು ನುಂಗುತ್ತ ಹೊರಟಿದೆ. ಮೆಕಿನಿ, ಪ್ರಿನ್ಸ್‌ಟನ್, ಸಲೈನಾ ಕಡೆ ಕಾರಿನಲ್ಲಿ ಹೋದರೆ ಒಂದು ಬದಿಗೆ ಜೋಳದ ಹೊಲ, ಇನ್ನೊಂದು ಬದಿಗೆ ಮರದ ಚೌಕಟ್ಟು ಎದ್ದು ನಿಂತ ಹೊಸ ಬಡಾವಣೆ. ವಾಲ್ ನಿಂತ ದಡವೇ ಇದು.

ಭಾನುವಾರ ಕನ್ನಡ ಕಲಿಯಲು ಬರುವ ನಮ್ಮ ಮಕ್ಕಳಲ್ಲಿ ಅನೇಕರು ಚಿತ್ರದ ತರಗತಿಗೂ ಹೋಗುತ್ತಾರೆ. ಅವರು ಬರೆಯುವುದು ಹೆಚ್ಚಾಗಿ ಕಂಡರಿಯದ ಹಿಮದ ಬೆಟ್ಟಗಳನ್ನು. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳ ಕನ್ನಡ ಸಂಘಗಳಿಗೆ, ಅಷ್ಟೇ ಆದರದಿಂದ ದೇವನಹಳ್ಳಿ, ಆನೇಕಲ್ ಕಡೆ ಹೊಲದಂಚಿಗೆ ಮನೆ ಮಾಡಿರುವ ಓದುಗರಿಗೆ, ನನ್ನದೊಂದು ಕೋರಿಕೆ. ಮಕ್ಕಳನ್ನು ಊರಿನಂಚಿಗೆ ಕರೆದೊಯ್ಯಿರಿ. ಕೈಗೆ ಒಂದು ಜಲವರ್ಣದ ಪೆಟ್ಟಿಗೆ, ದಪ್ಪನೆಯ ಕಾಗದ, ಒಂದು ಬಾಟಲಿ ನೀರು ಕೊಡಿ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಹೊರಡುವ ಮುನ್ನ ಅದರ ಜಾಲತಾಣದಲ್ಲಿ ವಾಲ್‌ನ ಎರಡೂ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ. ಬರೆದ ಹಾಳೆಯನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ: ಬೆಳಕಿಗೆ ಜಲವರ್ಣ ಮಾಸುತ್ತದೆ ಎಂಬುದನ್ನು ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ 1888ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಗಟ್ಟಿ ರಟ್ಟಿನ ನಡುವೆ, ಕತ್ತಲಲ್ಲಿ, ಒಣ ಜಾಗದಲ್ಲಿ ಇಡಿ. ಹಾಳೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ತಾರೀಖು, ರಸ್ತೆಯ ಹೆಸರು, ಯಾವ ದಿಕ್ಕಿಗೆ ಮುಖ ಮಾಡಿ ಬರೆದದ್ದು ಎಂಬ ಮೂರನ್ನು ಮಕ್ಕಳ ಕೈಯಿಂದಲೇ ಬರೆಸಿ.